ಕಂಡ ಕೂಡಲೇ ಓದಬೇಕು

ಒಂದನೇ ಇಯತ್ತೆಗೆ ಓದು ಕಲಿಸುವವರು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ; ಶಾಲೆಯ ಬಾಗಿಲು ತೆಗೆದರೆ ಸಾಕು, ಅದೇ ಪಾಟಿಚೀಲ ಹಾಕಿಕೊಂಡು ಒಳಗೆ ಬರುತ್ತದೆ. ಈ ವರ್ಷ ಅದರ ಜೊತೆ ಒಂದು ಚಿಂತೆಯೂ ಬಂತು. ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡ ಶಾಲೆ. ತಿಕೋಂಡಿ ಕಡೆಯ ವಸ್ತಿಯಿಂದ ಬರುವ ಕುರಿಗಾರರ ಹುಡುಗಿಯೊಬ್ಬಳು ಜೂನ್‌ನಿಂದ ತುಟಿ ಬಿಚ್ಚಿರಲಿಲ್ಲ. ಅವಳ ಅಪ್ಪ ಬಂದು, “ದೀಪಾವಳಿ ತನಕ ನೋಡ್ತೀನ್ರಿ ಅಕ್ಕೋರ. ಓದಲಿಲ್ಲಂದ್ರ ಮರಾಠಿ ಸಾಲಿಗಿ ಹಾಕ್ತೀನಿ,” ಎಂದು ಹೇಳಿಹೋಗಿದ್ದರು. ಆ ಹುಡುಗಿಯ ಮೇಲೆ ನನಗೆ ಜೀವ. ಕಳಿಸಲು ಮನಸ್ಸಿರಲಿಲ್ಲ.

೧. ಎಣ್ಣೆಯ ಕಲೆ

ಅಕ್ಷರ ಕೂಡಿಸಿ ಕೂಡಿಸಿ ಓದುವ ಮಕ್ಕಳಿಗೆ ಸಾಲಿನ ಕೊನೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಅದಕ್ಕೇ ರಟ್ಟು ಕತ್ತರಿಸಿ, ಒಂದೊಂದು ಪಟ್ಟಿಯ ಮೇಲೆ ಒಂದೊಂದು ಪದ ಬರೆದು, ಕಂಡ ಕೂಡಲೇ ಹೇಳಬೇಕೆಂದು ರೂಢಿ ಮಾಡಿಸಿದೆ. ಸ್ವಲ್ಪ ದಿನದಲ್ಲೇ ಆ ಹುಡುಗಿಯೊಬ್ಬಳನ್ನು ಬಿಟ್ಟು ಎಲ್ಲರೂ ಪಟಪಟ ಹೇಳತೊಡಗಿದರು. ನಾನು ಬೀಗಿದೆ. ಪಟ್ಟಿಗಳು ಕೊಳೆಯಾದವೆಂದು ಹೊಸದಾಗಿ ಬರೆದು ತಂದೆ. ಒಬ್ಬರಿಗೂ ಒಂದೂ ಬರಲಿಲ್ಲ.

“ನಿನ್ನಿ ಹೇಳಿದ್ದೆಲ್ಲೋ?” ಎಂದೆ ಒಬ್ಬನಿಗೆ.

“ನಿನ್ನಿ ಪಟ್ಟಿಗಿ ಎಣ್ಣಿ ಬಿದ್ದಿತ್ರಿ. ಎಣ್ಣಿ ಬಿದ್ದದ್ದು ‘ಆಡು’, ಮೂಲಿ ಹರದದ್ದು ‘ಮರ’. ಇದಕ್ಕ ಏನೂ ಆಗಿಲ್ರಿ, ಹ್ಯಾಂಗ ಓದೂದು?”

೨. ಅಜ್ಜಿಯ ಬೆನ್ನು

ಮನೆಯಲ್ಲಿಯೂ ಪದಗಳು ಕಣ್ಣಿಗೆ ಬೀಳಲಿ ಎಂದು ಚೀಟಿ ಬರೆದುಕೊಟ್ಟು, ಯಾವುದರ ಹೆಸರೋ ಅದಕ್ಕೇ ಅಂಟಿಸಿ ಎಂದೆ. ಮರುದಿನ ಒಬ್ಬನ ತಾಯಿ ಬಂದರು.

“ಬಾಗಲಕ್ಕ ಹಚ್ಚಿದಾ, ಗಡಿಗಿಗಿ ಹಚ್ಚಿದಾ, ಚಲೋ ಆತ್ರಿ. ನಮ್ಮ ಅತ್ತಿ ಬೆನ್ನಿಗಿ ‘ಅಜ್ಜಿ’ ಅಂತ ಹಚ್ಚ್ಯಾನ್ರಿ. ಹಂಗ ಸಂತಿ ಮಾಡ್ಕೊಂಡ ಬಂದಾರ.”

ನನಗೆ ಗಾಬರಿ. “ಸಿಟ್ಟಾಗ್ಯಾರೇನ್ರಿ?”

“ಇಲ್ರಿ. ಸಂತ್ಯಾಗ ಕಂಡವರೆಲ್ಲ ‘ಅಜ್ಜಿ, ಅಜ್ಜಿ’ ಅಂತ ಕರದ್ರಂತ. ನಮ್ಮ ಕಡಿ ಇಷ್ಟ ಮಂದಿಗಿ ಓದಾಕ ಬರತೈತಿ ಅಂತ ಗೊತ್ತ ಇರಲಿಲ್ಲ ಅಂದ್ರು.”

೩. ಪಿಸುದನಿ

ಯಾರಾದರೂ ಪದ ಕಂಡು ತಡವರಿಸಿದರೆ ಹಿಂದಿನಿಂದ ಒಂದು ಪಿಸುದನಿ ಉತ್ತರ ಹೇಳಿಬಿಡುತ್ತಿತ್ತು. ನಾನು ಕತ್ತೆತ್ತಿ ನೋಡಿದರೆ ಎಲ್ಲರೂ ಸನ್ಯಾಸಿಗಳ ಹಾಗೆ ಕುಳಿತಿರುತ್ತಿದ್ದರು. ಕೊನೆಗೆ ಒಬ್ಬನನ್ನು ಹಿಡಿದೆ.

“ಯಾರು ಹೇಳಿಕೊಟ್ರೋ?”

“ಹೆಸರು ಹೇಳಬ್ಯಾಡ ಅಂತ ಆಣಿ ಹಾಕ್ಯಾಳ್ರಿ.”

ಹುಡುಗಿ ಎಂಬುದನ್ನು ಬಿಟ್ಟುಕೊಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ಗುಟ್ಟು ಕಾಪಾಡಿದ ಸಂತೋಷದಲ್ಲಿ ಎದೆಯುಬ್ಬಿಸಿ ಹೋಗಿ ಕುಳಿತ.

೪. ಸಾಹೇಬರ ಸರದಿ

ದೀಪಾವಳಿ ರಜೆಗೆ ಮೊದಲು ಶಾಲೆಯ ತಪಾಸಣೆಗೆ ಶಿಕ್ಷಣ ಖಾತೆಯ ಸಾಹೇಬರು ಬಂದರು. ಮರಾಠಿಯವರು, ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬಾರದು. ಅದೇ ಹೊತ್ತಿಗೆ ತುಟಿ ಬಿಚ್ಚದ ಆ ಹುಡುಗಿಯ ಅಪ್ಪನೂ ಬಂದು ಬಾಗಿಲಲ್ಲಿ ನಿಂತರು. ಸಾಹೇಬರು ಹೊಸ ಪಟ್ಟಿಯೊಂದನ್ನು ಎತ್ತಿ ಹಿಡಿದು, ಇಷ್ಟು ಮಕ್ಕಳಿದ್ದರೂ ಅವಳನ್ನೇ ಕರೆದು, ಓದು ಮಗೂ ಎಂದು ಮರಾಠಿಯಲ್ಲಿ ಹೇಳಿದರು. ಮುಗಿಯಿತು ಅಂದುಕೊಂಡೆ.

ಹುಡುಗಿ ಪಟ್ಟಿ ನೋಡಿದಳು, ಸಾಹೇಬರ ಮುಖ ನೋಡಿದಳು. ಅವರ ಕೈಯಿಂದ ಪಟ್ಟಿ ತೆಗೆದುಕೊಂಡು, ತಲೆಕೆಳಗಾಗಿದ್ದುದನ್ನು ಸರಿಮಾಡಿ, ಮತ್ತೆ ಅವರ ಕೈಗೇ ಕೊಟ್ಟಳು. ಸಾಹೇಬರು ಪಟ್ಟಿಯನ್ನೇ ನೋಡುತ್ತ ನಿಂತರು. ಇವರಿಗೆ ಬರುವುದಿಲ್ಲವೆಂದು ಅವಳಿಗೆ ತಿಳಿದುಹೋಯಿತು. ಪಾಪ ಅನಿಸಿರಬೇಕು, ತುದಿಗಾಲಲ್ಲಿ ನಿಂತು ಪಿಸುಗುಟ್ಟಿದಳು:

“‘ಮಜ್ಜಿಗಿ’ ಅನ್ರಿ. ನಾ ಹೇಳಿಕೊಟ್ಟೆ ಅಂತ ಯಾರಿಗೂ ಹೇಳಬ್ಯಾಡ್ರಿ.”

ಅದೇ ಪಿಸುದನಿ. ತರಗತಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಬಾಗಿಲವರೆಗೂ ಕೇಳಿಸಿತು. ನನಗೆ ಕಣ್ಣೂ ತುಂಬಿತು, ನಗುವೂ ಬಂತು. ಸಾಹೇಬರು ಒಳ್ಳೆಯವರು, “ಮಜ್ಜಿಗಿ,” ಎಂದು ಜೋರಾಗಿ ಹೇಳಿದರು. ಮಕ್ಕಳೆಲ್ಲ ಅವರಿಗೆ ಚಪ್ಪಾಳೆ ತಟ್ಟಿದರು.

ಅಪ್ಪ ರುಮಾಲು ಸರಿಮಾಡಿಕೊಂಡು ನನ್ನ ಹತ್ತಿರ ಬಂದರು.

“ಇಕಿ ಇಲ್ಲೇ ಇರಲ್ರಿ ಅಕ್ಕೋರ,” ಎಂದರು. ಆಮೇಲೆ ದನಿ ತಗ್ಗಿಸಿ, “ಸಾಹೇಬ್ರ ಹೆಸರೂ ಇದ ಸಾಲಿಗಿ ಹಚ್ಚಿಬಿಡ್ರಿ. ಲಗೂನ ಕಲೀತಾರ.”