ಪುಟ್ಟಯ್ಯನ ಆನೆಗೆ ಇಬ್ಬರು ಸಾಕ್ಷಿ

ಇದಕ್ಕೆಲ್ಲ ಮೂಲ ಭೂತಪ್ಪನವರ ಹಲ್ಲುನೋವು.

ಭದ್ರಾವತಿಯ ಹಳೇನಗರದ ರಾಮಚಂದ್ರಪ್ಪ ಮೇಷ್ಟ್ರು ಸಮಾಜ ಪಾಠ ಹೇಳಿ ನಿವೃತ್ತರಾದವರು. ಈಗ ಶಿವಮೊಗ್ಗದಿಂದ ಬರುವ ‘ಹೊಳೆಸಾಲು’ ಪತ್ರಿಕೆಗೆ ಪ್ರತಿ ಭಾನುವಾರ ‘ನಡೆದದ್ದು ನಡೆದ ಹಾಗೆ’ ಎಂಬ ಅಂಕಣ ಬರೆಯುತ್ತಿದ್ದರು. ಊರಿಗೆ ಮೊದಲ ರೇಡಿಯೋ ತಂದವರು ಯಾರು, ಸಂತೆ ಮೈದಾನದ ಹುಣಸೇಮರ ಕಡಿದದ್ದು ಯಾವ ವರ್ಷ, ಇಂಥ ನಿಜಸಂಗತಿಗಳೇ ಅದರ ಸರಕು. ಸಂಪಾದಕಿ ಸಂಧ್ಯಾ ಒಂದು ಕಟ್ಟುನಿಟ್ಟು ಮಾಡಿದ್ದರು. ಪ್ರತಿ ಬರಹದ ಜೊತೆಗೆ ಆ ಸಂಗತಿಯನ್ನು ಕಣ್ಣಾರೆ ಕಂಡ ಅಥವಾ ಬಲ್ಲ ಇಬ್ಬರು ಹಿರಿಯರ ಸಹಿ ಬರಬೇಕು. ಸಹಿಯಿಲ್ಲದೆ ಅಚ್ಚಿಲ್ಲ.

ಮೇಷ್ಟ್ರಿಗೆ ಆ ಅಂಕಣವೆಂದರೆ ಪ್ರಾಣ. ನಿವೃತ್ತಿಯ ಮರುದಿನವೇ ನಮಸ್ಕಾರ ಮರೆತಿದ್ದ ಊರು, ಅಂಕಣ ಶುರುವಾದ ಮೇಲೆ ಮತ್ತೆ ಕೈಮುಗಿಯತೊಡಗಿತ್ತು. ಅದೊಂದು ಕೈತಪ್ಪಿದರೆ ತಾನು ಬೆಳಿಗ್ಗೆ ಎದ್ದು ಹಾಲು ತರುವ ಒಬ್ಬ ಗಂಡಸು, ಅಷ್ಟೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಲವತ್ತೆಂಟು ವಾರ ಎಲ್ಲ ಸುಸೂತ್ರ. ನಲವತ್ತೊಂಬತ್ತನೆಯ ವಾರಕ್ಕೆ ತಮ್ಮ ತಾತನ ಜಟಕಾ ಗಾಡಿಯ ಕತೆ ಹೇಳುತ್ತೇನೆಂದು ಮಾತು ಕೊಟ್ಟಿದ್ದ ಭೂತಪ್ಪನವರು ಶುಕ್ರವಾರ ಕೆನ್ನೆಗೆ ಟವೆಲ್ ಕಟ್ಟಿಕೊಂಡು ಜಗುಲಿಯ ಮೇಲೆ ಕೂತಿದ್ದರು. ಮೇಷ್ಟ್ರು ಏನು ಕೇಳಿದರೂ ‘ಹೂಂ’ ಒಂದೇ ಉತ್ತರ. ಬರಹ ಕಳಿಸಲು ಸಂಜೆ ಐದರ ಗಡುವು.

ಮನೆಯಲ್ಲಿ ಎಂಬತ್ಮೂರು ವರ್ಷದ ತಾಯಿ ಹೂವಮ್ಮ ಇದ್ದರು. ಅವರ ಹತ್ತಿರ ಕತೆಗೇನೂ ಬರವಿಲ್ಲ. ಆದರೆ ಒಂದು ಕತೆಯನ್ನು ಎರಡು ಸಲ ಒಂದೇ ರೀತಿ ಹೇಳಿದವರಲ್ಲ. ತಮ್ಮ ಮದುವೆಯ ದಿಬ್ಬಣವನ್ನು ಒಮ್ಮೆ ಎತ್ತಿನ ಗಾಡಿಯಲ್ಲಿ, ಒಮ್ಮೆ ಲಾರಿಯಲ್ಲಿ, ಒಮ್ಮೆ ತೆಪ್ಪದಲ್ಲಿ ತಂದವರು. ಹಾಗಾಗಿ ಮೇಷ್ಟ್ರು ಅವರನ್ನು ಒಂದು ವಾರವೂ ಕೇಳಿರಲಿಲ್ಲ.

“ಊರೆಲ್ಲ ಕೇಳ್ಕೊಂಡು ಬರ್ತೀಯ, ಮನೇಲಿರೋ ಅಮ್ಮನ್ನ ಒಂದಿನ ಕೇಳಿದೀಯಾ?” ಎಂದು ಹೂವಮ್ಮ ಪ್ರತಿ ಭಾನುವಾರ ಕಾಫಿ ಕುಡಿಯುವಾಗ ಅನ್ನುತ್ತಿದ್ದರು.

ಅಂತೂ ನಾಲ್ಕು ಗಂಟೆಗೆ ಮೇಷ್ಟ್ರು ಬಾಗಿಲು ಹಾಕಿಕೊಂಡು ಬದುಕಿನಲ್ಲಿ ಮೊದಲ ಬಾರಿಗೆ ಒಂದು ಸುಳ್ಳು ಬರೆದರು. ಸಾವಿರದ ಒಂಬೈನೂರ ಅರವತ್ನಾಲ್ಕರ ಒಂದು ಮಧ್ಯಾಹ್ನ ಕಾಡಿನ ಕಡೆಯಿಂದ ಒಂದು ಆನೆ ಬಂದು ಹಳೇ ಸೇತುವೆಯ ನಟ್ಟನಡುವೆ ನಿಂತಿತು. ಕಬ್ಬಿಣದ ಕಾರ್ಖಾನೆಯ ಎರಡನೇ ಪಾಳಿಗೆ ಹೊರಟ ಕಾರ್ಮಿಕರೆಲ್ಲ ಸೈಕಲ್ ಹಿಡಿದುಕೊಂಡು ಈಚೆ ದಡದಲ್ಲೇ ಉಳಿದರು. ಆಗ ಕ್ಯಾಂಟೀನಿನ ಅಡುಗೆಯ ಪುಟ್ಟಯ್ಯ ಒಂದು ಪಾತ್ರೆ ಉಪ್ಪಿಟ್ಟು ಹೊತ್ತು ಮುಂದೆ ಮುಂದೆ ನಡೆದ, ಆನೆ ಅವನ ಹಿಂದೆ ಹಿಂದೆ ಹೋಯಿತು. ಸೈರನ್ ಕೂಗುವಷ್ಟರಲ್ಲಿ ಸೇತುವೆ ಖಾಲಿ.

ಇನ್ನು ಸಾಕ್ಷಿ. ಪಕ್ಕದ ಮನೆಯ ಯೋಗರಾಜ್ ಬಡಾವಣೆ ಸಂಘದ ಅಧ್ಯಕ್ಷ. ಚರಂಡಿ, ಬೀದಿದೀಪ, ನಾಯಿಕಾಟ ಎಂದು ದಿನಕ್ಕೆ ಹತ್ತು ಮನವಿಗೆ ಸಹಿ ಹಾಕಿ ರೂಢಿ. ಕಾಗದದಲ್ಲಿ ಏನಿದೆ ಎಂದು ನೋಡುವ ಕೆಟ್ಟ ಅಭ್ಯಾಸ ಅವನಿಗಿರಲಿಲ್ಲ. ಎರಡನೆಯ ಸಹಿಯನ್ನು, ಟೀವಿಯಲ್ಲಿ ಧಾರಾವಾಹಿಯ ಸೊಸೆ ವಿಷದ ಲೋಟ ಎತ್ತುತ್ತಿದ್ದ ಹೊತ್ತಿನಲ್ಲಿ ಮೇಷ್ಟ್ರು ತಾಯಿಯ ಕೈಲಿ ಹಾಕಿಸಿಕೊಂಡರು. ಅವರು ಕಾಗದದತ್ತ ಕಣ್ಣು ಕೂಡ ತಿರುಗಿಸಲಿಲ್ಲ.

ಭಾನುವಾರ ಅಂಕಣ ಬಂತು. ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಯೋಗರಾಜ್ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ.

“ಮೇಷ್ಟ್ರೇ, ರಾತ್ರಿ ಸಂಘದ ಮೀಟಿಂಗ್ ಮಾಡಿದ್ವಿ. ನಮ್ಮ ಮೂಲೆ ಸರ್ಕಲ್ಲಿಗೆ ಪುಟ್ಟಯ್ಯ ವೃತ್ತ ಅಂತ ಹೆಸರಿಡ್ತಿದೀವಿ. ಬೋರ್ಡಿಗೆ ಬಣ್ಣ ಹೊಡೀತಾ ಇದಾರೆ. ಸಂಜೆ ಆರಕ್ಕೆ ಅನಾವರಣ. ನೀವೇ ಮಾತಾಡ್ಬೇಕು.”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ಯೋಗರಾಜ್, ಆ ಆನೆ ವಿಷಯ ಏನಂದ್ರೆ...”

“ನಂಗೆ ಹೇಳ್ತೀರಾ ಮಾರಾಯ್ರೇ? ನಾನಾಗ ಆರು ವರ್ಷದವನು. ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ಆನೆ ಬಾಲ ಹಿಂಗಿತ್ತು,” ಎಂದು ಯೋಗರಾಜ್ ತೋಳು ಎತ್ತಿ ತೋರಿಸಿದ. “ಸಾಕ್ಷಿ ಸಹಿ ಹಾಕಿದೋನೇ ನಾನಲ್ವಾ?”

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಇಳಿದರು. ಅವರ ಹಿಂದೆ, ಡ್ರೈವರ್ ಎರಡೂ ಕೈಯಲ್ಲಿ ಅಪ್ಪಿಕೊಂಡು ಒಂದು ಹಿತ್ತಾಳೆ ಪಾತ್ರೆ ಇಳಿಸಿದ. ಮೇಷ್ಟ್ರೇ ಒಳಗೆ ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆ.

“ನಾನು ಯಲ್ಲಮ್ಮ. ಅಡುಗೆ ಪುಟ್ಟಯ್ಯನ ಮಗಳು,” ಎಂದರು ಆಕೆ.

ಪುಟ್ಟಯ್ಯ ಎಂಬ ಹೆಸರನ್ನು ಮೇಷ್ಟ್ರು ಸುಮ್ಮನೆ ಇಟ್ಟಿದ್ದರು. ಆದರೆ ಆ ಕಾಲದ ಭದ್ರಾವತಿಯಲ್ಲಿ ಕ್ಯಾಂಟೀನುಗಳೆಷ್ಟು, ಪುಟ್ಟಯ್ಯಂದಿರೆಷ್ಟು ಎಂದು ಅವರು ಲೆಕ್ಕ ಹಾಕಿರಲಿಲ್ಲ.

“ನಮ್ಮಪ್ಪ ಮೂವತ್ತು ವರ್ಷ ಬೇಯಿಸಿ ಹಾಕಿದ್ರು ಸ್ವಾಮಿ. ಸತ್ತಾಗ ಪೇಪರಲ್ಲಿ ಎರಡು ಸಾಲು ಬರ್ಲಿಲ್ಲ. ಮೊನ್ನೆ ಮೊಮ್ಮಗಳು ಓದಿ ಹೇಳಿದ್ಳು, ತಾತನ ಹೆಸರು ಬಂದೈತೆ ಅಂತ.” ಯಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೆರಗು ಕೆಳಗಿಳಿಸಿ ಬೇರೆ ದನಿಯಲ್ಲಿ ಮುಂದುವರಿಸಿದರು. “ಆದ್ರೆ ಒಂದು ತಪ್ಪು ಬರ್ದಿದೀರಿ. ಉಪ್ಪಿಟ್ಟಲ್ಲ, ಕೇಸರಿಬಾತು. ನಮ್ಮಪ್ಪನ ಕೈ ಕೇಸರಿಬಾತಿಗೇ ಹೆಸರುವಾಸಿ. ಉಪ್ಪಿಟ್ಟು ಮಾಡ್ತಿದ್ದೋನು ಇನ್ನೊಬ್ಬ. ನೋಡಿ, ಇದೇ ಪಾತ್ರೆ. ಇಲ್ಲಿ ನೆಗ್ಗೈತಲ್ಲ, ಸೊಂಡಿಲು ತಾಗಿದ್ದು.”

ಮೇಷ್ಟ್ರು ನೆಗ್ಗನ್ನು ನೋಡಿದರು. ಯೋಗರಾಜ್ ಕೈಯಾಡಿಸಿ ನೋಡಿ, “ಹೌದು, ಸೊಂಡಿಲೇ,” ಅಂದ. ಒಳಗಿನಿಂದ ಕೋಲೂರಿಕೊಂಡು ಬಂದ ಹೂವಮ್ಮ ಯಲ್ಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಕೆ ಅಳುವುದನ್ನೂ ಹೇಳುವುದನ್ನೂ ಗಮನವಿಟ್ಟು ಕೇಳಿದರು.

ಸುಳ್ಳು ಬರೆದದ್ದಕ್ಕಿಂತ ಯಲ್ಲಮ್ಮ ಅತ್ತದ್ದು ಮೇಷ್ಟ್ರನ್ನು ಹೆಚ್ಚು ಚುಚ್ಚಿತು. ಬೋರ್ಡು ನಿಲ್ಲುವ ಮೊದಲೇ ಶಿವಮೊಗ್ಗಕ್ಕೆ ಹೋಗಿ ಸಂಧ್ಯಾ ಅವರ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಕಾಲಿಗೆ ಬಿದ್ದಾದರೂ ಅಂಕಣ ಉಳಿಸಿಕೊಳ್ಳಬೇಕು ಎಂದು ಶರ್ಟು ಬದಲಿಸಿ ಹಿತ್ತಲ ಬಾಗಿಲಿಂದ ಬಸ್ ಸ್ಟ್ಯಾಂಡಿಗೆ ನಡೆದರು.

ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತಾ, “ಆನೆ ಮೇಷ್ಟ್ರಲ್ವಾ?” ಅಂದ. ಅಲ್ಲಿಗೆ ಮುಗಿಯಿತು. ಹಿಂದಿನ ಸೀಟಿನಿಂದ ಒಬ್ಬರು ಬಾಗಿ ಅವರ ಭುಜ ತಟ್ಟಿದರು.

“ನಾನು ಹೊಳೆಹೊನ್ನೂರಿನವನು. ನಮ್ಮೂರನ್ನ ಯಾಕೆ ಬಿಟ್ರಿ? ಆ ಆನೆ ಸೇತುವೆಯಿಂದ ಸೀದಾ ನಮ್ಮೂರಿಗೇ ಬಂತಲ್ಲ. ನಮ್ಮಜ್ಜನ ಅಂಗಡಿ ಮುಂದೆ ಕಟ್ಟಿದ್ದ ಬಾಳೆಗೊನೆ ಎಲ್ಲಾ ತಿಂತು.”

“ಹಾಗೇನೂ ಆಗ್ಲಿಲ್ಲ ಸ್ವಾಮಿ,” ಎಂದರು ಮೇಷ್ಟ್ರು ಸುಸ್ತಾಗಿ.

“ನಮ್ಮಜ್ಜ ಸುಳ್ಳು ಹೇಳಿದ್ರು ಅಂತೀರಾ?”

ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ, ಆನೆ ಒಂದಲ್ಲ, ಮರಿಯೂ ಇತ್ತು ಎಂದರು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದಾಗ ಆ ಮರಿಯ ಮೊಮ್ಮಗುವನ್ನು ತಾನೇ ನೋಡಿದ್ದೇನೆ ಎಂದು ಇನ್ನೊಬ್ಬರು ಹೇಳಿದರು. ಬಸ್ಸು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಮರಿ ಇತ್ತು ಎನ್ನುವವರು ಎಡಕ್ಕೆ, ಇರಲಿಲ್ಲ ಎನ್ನುವವರು ಬಲಕ್ಕೆ ಎಂಬಂತಾಗಿತ್ತು. ಆನೆಯೇ ಇರಲಿಲ್ಲ ಎನ್ನುವವರು ಮೇಷ್ಟ್ರೊಬ್ಬರೇ. ಅವರಿಗೆ ಸೀಟು ಕೊಟ್ಟವರೂ ಮುಖ ತಿರುಗಿಸಿ ಇಳಿದು ಹೋದರು.

ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ‘ಹೊಳೆಸಾಲು’ ಕಚೇರಿ. ಸಂಧ್ಯಾ ಮೇಜಿನ ಮೇಲೆ ಕಾಗದಗಳ ಒಂದು ಕಟ್ಟು ಇಟ್ಟುಕೊಂಡು ಕೂತಿದ್ದರು.

“ಬನ್ನಿ ಮೇಷ್ಟ್ರೇ, ನಾನೇ ಫೋನ್ ಮಾಡೋಳಿದ್ದೆ. ನಲವತ್ತೆಂಟು ವಾರ ಬರೆದ್ರಿ, ಒಂದು ಕಾಗದ ಬಂದಿರ್ಲಿಲ್ಲ. ಈ ವಾರ ಇಪ್ಪತ್ಮೂರು ಬಂದಿದೆ.”

“ಅದೇ ವಿಷಯಕ್ಕೆ ಬಂದೆ ಮೇಡಂ.”

“ಇಪ್ಪತ್ಮೂರರಲ್ಲೂ ನಿಮ್ಮ ತಪ್ಪುಗಳೇ.” ಅವರು ಒಂದೊಂದೇ ಕಾಗದ ತೆಗೆದರು. “ಉಪ್ಪಿಟ್ಟಲ್ಲ, ಕೇಸರಿಬಾತ್ ಅಂತ ಒಂಬತ್ತು ಜನ. ಮಧ್ಯಾಹ್ನ ಅಲ್ಲ, ಬೆಳಗಿನ ಪಾಳಿ ಅಂತ ಆರು ಜನ. ಆನೆಗೆ ಒಂದೇ ದಂತ ಇದ್ದಿದ್ದನ್ನ ಬಿಟ್ಟಿದೀರಿ ಅಂತ ಇವರು. ಒಂದು ನಿಜಸಂಗತಿ ಬರೆಯೋದ್ರಲ್ಲಿ ಇಷ್ಟು ತಪ್ಪಾದ್ರೆ ಹೇಗೆ ಸರ್?”

ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದು ಕೈ ಜೋಡಿಸಿದರು. “ಮೇಡಂ, ಅದು ನಿಜಸಂಗತಿಯೇ ಅಲ್ಲ. ಭೂತಪ್ಪನೋರಿಗೆ ಹಲ್ಲುನೋವಿತ್ತು. ನಾನೇ ಕೂತು ಕಟ್ಟಿದ ಕತೆ. ಆನೆನೂ ಇಲ್ಲ, ಪುಟ್ಟಯ್ಯನೂ ಇಲ್ಲ. ತಪ್ಪಾಯ್ತು ಅಂತ ನಾನೇ ಬರೆದು ಕೊಡ್ತೀನಿ. ಅಂಕಣ ಮಾತ್ರ ನಿಲ್ಲಿಸ್ಬೇಡಿ.”

ಸಂಧ್ಯಾ ಮೇಷ್ಟ್ರನ್ನೇ ನೋಡಿದರು. ಹೋಮ್‌ವರ್ಕ್ ಮನೆಯಲ್ಲೇ ಬಿಟ್ಟು ಬಂದೆ ಎನ್ನುವ ಹುಡುಗರನ್ನು ಮೇಷ್ಟ್ರು ಮೂವತ್ತು ವರ್ಷ ನೋಡಿದ್ದೂ ಹೀಗೆಯೇ.

“ತಪ್ಪು ಮುಚ್ಚಿಕೊಳ್ಳೋಕೆ ಇಡೀ ಘಟನೇನೇ ನಡೆದಿಲ್ಲ ಅನ್ನೋದು ಸರಿಯಲ್ಲ ಸರ್.” ಅವರು ಕಪಾಟಿನಿಂದ ಫೈಲು ತೆಗೆದು ಮುಂದಿಟ್ಟರು. “ಇಬ್ಬರು ಸಾಕ್ಷಿ ಇದಾರೆ. ಇದು ಯಾರ ಸಹಿ?”

“ನಮ್ಮಮ್ಮಂದು. ಅವರಿಗೇನೂ ಗೊತ್ತಿಲ್ಲ, ಟೀವಿ ನೋಡ್ತಾ ಹಾಕಿದ್ದು.”

“ಕೇಳೇ ಬಿಡೋಣ,” ಎಂದು ಸಂಧ್ಯಾ ಮೇಷ್ಟ್ರ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. ಮೇಷ್ಟ್ರಿಗೆ ನಿರಾಳವಾಯಿತು. ಆನೆ ಎಂದರೆ ಯಾವ ಆನೆ ಎಂದು ಅಮ್ಮ ಕೇಳುತ್ತಾರೆ, ಅಲ್ಲಿಗೆ ಎಲ್ಲ ಇತ್ಯರ್ಥವಾಗುತ್ತದೆ.

“ಅಜ್ಜಿ, ನಾನು ಪೇಪರ್ ಆಫೀಸಿನ ಸಂಧ್ಯಾ. ಸೇತುವೆ ಮೇಲೆ ಆನೆ ಬಂದಿದ್ದನ್ನ ನೀವು ನೋಡಿದ್ರಾ?”

“ನೋಡದೆ ಏನಮ್ಮ,” ಎಂದಿತು ಹೂವಮ್ಮನವರ ದನಿ. “ಇವನಾಗ ಹೊಟ್ಟೇಲಿದ್ದ. ಆನೆ ಘೀಳಿಟ್ಟಾಗ ಒಳಗಿಂದ ಒದ್ದ ನೋಡು, ಇವತ್ತಿಗೂ ಆ ಜಾಗ ನೋಯುತ್ತೆ. ಪುಟ್ಟಯ್ಯ ಪಂಚೆ ಎತ್ತಿ ಕಟ್ಟಿ ಬಂದ. ಒಂದು ಸೌಟು ಕೇಸರಿಬಾತ್ ನೆಲಕ್ಕೆ ಹಾಕ್ತಾನೆ, ಹತ್ತು ಹೆಜ್ಜೆ ಹಿಂದಕ್ಕೆ ಹೋಗ್ತಾನೆ. ದ್ರಾಕ್ಷಿ ಗೋಡಂಬಿ ಎಲ್ಲಾ ಹಾಕಿದ್ದ ಕೇಸರಿಬಾತ್. ಆನೆ ಮೊದಲು ಗೋಡಂಬಿನೇ ಆರಿಸ್ಕೊಂಡು ತಿಂತು. ಕೊನೇಲಿ ಪಾತ್ರೆ ತಳ ಕೆರೆಯೋಕೆ ಅಂತ ಸೊಂಡಿಲು ಹಾಕಿದಾಗಲೇ ಅದು ನೆಗ್ಗಿದ್ದು.”

ಸಂಧ್ಯಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಅತ್ತ ಪುಟ ಕಟ್ಟುತ್ತಿದ್ದವರೂ ಎದ್ದು ಬಂದು ಮೇಜಿನ ಸುತ್ತ ನಿಂತರು.

“ಮತ್ತೆ ನಿಮ್ಮ ಮಗ ಉಪ್ಪಿಟ್ಟು ಅಂತ ಬರೆದಿದಾರಲ್ಲ ಅಜ್ಜಿ?”

“ಅವನಿಗೆ ನೂರು ಸಲ ಹೇಳಿದೀನಿ. ನನ್ನ ಮಾತು ಯಾವತ್ತು ಸರಿಯಾಗಿ ಕೇಳಿಸ್ಕೊಂಡಿದಾನೆ?”

ಫೋನ್ ಇಟ್ಟ ಮೇಲೆ ಸಂಧ್ಯಾ ಮೆತ್ತಗೆ ಹೇಳಿದರು. “ಸರ್, ಬೇಜಾರು ಮಾಡ್ಕೋಬೇಡಿ. ಅಂಕಣ ನಿಲ್ಲಲ್ಲ. ಆದ್ರೆ ಇನ್ಮೇಲೆ ನೀವು ಬೇಡ. ಬೇರೆಯೋರಿಗೆ ಕೊಡ್ತೀನಿ. ಯಾರಿಗೆ ಅಂತ ಸಂಜೆ ಒಳಗೆ ತಿಳಿಸ್ತೀನಿ.”

ಮೇಷ್ಟ್ರು ಯಾವ ಬಸ್ಸು ಹತ್ತಿದರೋ, ಎಲ್ಲಿ ಇಳಿದರೋ ಅವರಿಗೇ ನೆನಪಿಲ್ಲ. ನಲವತ್ತೆಂಟು ನಿಜ ಬರೆದಾಗ ಕೇಳುವವರಿರಲಿಲ್ಲ, ಒಂದು ಸುಳ್ಳು ಬರೆದರೆ ಅದರಲ್ಲಿ ಸತ್ಯ ಸಾಲದು ಎಂದು ಕೆಲಸ ಹೋಯಿತು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ನಂಬುವವರಿಲ್ಲ.

ಮೂಲೆಯ ಸರ್ಕಲ್ಲಿನಲ್ಲಿ ಜನ ಸೇರಿದ್ದರು. ಹಸಿ ಬಣ್ಣದ ಬೋರ್ಡಿನಲ್ಲಿ ‘ಕೇಸರಿಬಾತ್ ಪುಟ್ಟಯ್ಯ ವೃತ್ತ’ ಎಂದು ಬರೆದು ಪಕ್ಕದಲ್ಲಿ ಆನೆಯ ಚಿತ್ರ ಬಿಡಿಸಿದ್ದರು. ದಂತ ಒಂದೇ ಇತ್ತು. ಯೋಗರಾಜ್ ಮೈಕಿನಲ್ಲಿ ಆನೆಯ ಬಾಲದ ಬಗ್ಗೆ ಮಾತಾಡುತ್ತಿದ್ದ. ಅವನ ಪಕ್ಕದಲ್ಲಿ ಹಾರ ಹಾಕಿಕೊಂಡು ನಿಂತ ಯಲ್ಲಮ್ಮನ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ಮೈಕು ಇಸಿದುಕೊಂಡು ನಿಜ ಹೇಳುವ ಧೈರ್ಯ ಬರಲಿಲ್ಲ. ಅದೇ ಹಿತ್ತಾಳೆ ಪಾತ್ರೆಯಿಂದ ಯಾರೋ ಅವರ ಕೈಗೂ ಒಂದು ದೊನ್ನೆ ಕೇಸರಿಬಾತ್ ಕೊಟ್ಟರು. ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಹೂವಮ್ಮ ಟೀವಿ ಹಾಕಿರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟವರೇ ಕೇಳಿದರು. “ಅಮ್ಮ, ನಿಜ ಹೇಳು. ನೀನು ಆ ಆನೇನ ನೋಡಿದ್ದೆಯಾ?”

“ಯಾವ ಆನೆ? ನಾನು ಈ ಊರಿಗೆ ಬಂದಿದ್ದೇ ನೀನು ಹುಟ್ಟಿ ವರ್ಷ ತುಂಬಿದ ಮೇಲೆ.”

“ಮತ್ತೆ ಫೋನಲ್ಲಿ ಹಂಗೆ ಹೇಳಿದ್ಯಲ್ಲ?”

“ಸಹಿ ಹಾಕಿಸ್ಕೊಂಡಿದೀಯಲ್ಲೋ. ಹಾಕಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ನನ್ನ ಮಗ ಸುಳ್ಳುಗಾರ ಅಂತ ಊರು ಅನ್ಬೇಕಾ?”

“ಹಾಗಾದ್ರೆ ಉಪ್ಪಿಟ್ಟು ಅಂತಲೇ ಹೇಳ್ಬಹುದಿತ್ತು. ನನ್ನ ಅಂಕಣ ಉಳೀತಿತ್ತು.”

“ಬೆಳಿಗ್ಗೆ ಆ ಯಲ್ಲಮ್ಮ ಎಷ್ಟು ಅತ್ತಳು, ನೋಡ್ಲಿಲ್ವಾ? ಅವಳಪ್ಪನ ಕೇಸರಿಬಾತ್ ಅವಳಿಗಿರಲಿ.” ಹೂವಮ್ಮ ಕನ್ನಡಕ ಒರೆಸಿ ಹಾಕಿಕೊಂಡರು. “ಅಂಕಣ ಎಲ್ಲೂ ಹೋಗಿಲ್ಲ ಬಿಡು. ಆ ಹುಡುಗಿ ಮತ್ತೆ ಫೋನ್ ಮಾಡಿದ್ಳು. ಭಾನುವಾರದಿಂದ ನಾನು ಹೇಳ್ಬೇಕಂತೆ, ನೀನು ಬರ್ಕೊಂಡು ಹೋಗಿ ಕೊಡ್ಬೇಕಂತೆ. ಫೋಟೋ ನಂದು ಹಾಕ್ತಾರಂತೆ. ಪುಸ್ತಕ ತಗೊಂಡು ಕೂತ್ಕೋ.”

ಮೇಷ್ಟ್ರು ಕೂತರು. ಬೇರೆ ದಾರಿ ಇರಲಿಲ್ಲ.

“ಬರ್ಕೋ. ಐವತ್ತೊಂಬತ್ತರಲ್ಲಿ ಭದ್ರಾ ಹೊಳೇಲಿ ಒಂದು ಮೊಸಳೆ ಇತ್ತು. ದಿನಾ ಬೆಳಿಗ್ಗೆ ಸೈರನ್ ಆದ ಕೂಡಲೇ ದಡಕ್ಕೆ ಬಂದು ಕೆಲಸಗಾರರ ಟಿಫಿನ್ ಡಬ್ಬಿ ಕಾಯ್ತಿತ್ತು.”

ಮೇಷ್ಟ್ರ ಪೆನ್ನು ನಿಂತಿತು. “ಐವತ್ತೊಂಬತ್ತರಲ್ಲಿ ನೀನು ಈ ಊರಲ್ಲೇ ಇರ್ಲಿಲ್ಲ ಅಂದ್ಯಲ್ಲಮ್ಮ. ಇದಕ್ಕೆ ಇಬ್ಬರು ಸಾಕ್ಷಿನ ಎಲ್ಲಿಂದ ತರ್ಲಿ?”

“ಯೋಗರಾಜ್ ಇದಾನೆ. ಇನ್ನೊಂದಕ್ಕೆ ಭೂತಪ್ಪನ ಹತ್ರ ಹೋಗು,” ಎಂದರು ಹೂವಮ್ಮ. “ಮಧ್ಯಾಹ್ನ ಎರಡು ಹಲ್ಲು ಕೀಳಿಸ್ಕೊಂಡು ಬಂದಿದಾರಂತೆ. ನಾಲ್ಕು ದಿನ ಬಾಯಿ ತೆಗೆಯೋ ಹಂಗಿಲ್ಲ. ಸಹಿ ಹಾಕೋಕೇನು, ಕೈ ಸರಿಯಾಗೇ ಇದೆಯಲ್ಲ.”