ಏಳು ವರ್ಷದ ಕಾಗದ

ಆ ಕಾಗದಕ್ಕೊಂದು ಉದ್ದನೆಯ ಹೆಸರಿತ್ತು. ವಾಸ್ತವ್ಯ... ಅಲ್ಲ, ಅದು ತಾಲೂಕು ಕಚೇರಿಯದ್ದು. ನಾಲಿಗೆಯ ತುದಿಯಲ್ಲಿ ಉಂಟು, ಪುಟ್ಟಿ, ಈ ಅಜ್ಜಿಗೆ ಹೊರಗೆ ಬರುವುದಿಲ್ಲ. ಗದಗಿನ ಕಡೆಯಿಂದ ಮದುವೆಯಾಗಿ ಕಾಪುವಿಗೆ ಬಂದವಳು ನಾನು. ಪಿಯುಸಿಯವರೆಗೂ ಇದ್ದ ಇಲ್ಲಿನ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿ ಆ ಕಾಗದವನ್ನು ಎಷ್ಟು ಬರೆದೆನೋ. ಸಿಇಟಿಯಲ್ಲಿ ಸರಕಾರಿ ಸೀಟು ಬೇಕಾದರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಓದಿದ್ದಾರೆಂದು ಶಾಲೆ ಬರೆದುಕೊಡಬೇಕು. ಏಳಿದ್ದರೆ ಒಳಗಿನವರು, ಆರಿದ್ದರೆ ಹೊರಗಿನವರು. ಪ್ರತಿ ಮೇ ತಿಂಗಳಲ್ಲಿ ನಮ್ಮ ಆಫೀಸಿನಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತಿತ್ತು. ಎರಡು ಸಾವಿರದ ಆಸುಪಾಸಿನ ಒಂದು ಮೇಯಲ್ಲಿ ಮಾತ್ರ, ಒಬ್ಬ ಹುಡುಗಿಯ ಇಂಜಿನಿಯರಿಂಗ್ ಸೀಟು ಒಂದೇ ಒಂದು ವರ್ಷಕ್ಕೆ ಸಿಕ್ಕಿಕೊಂಡಿತು. ಆ ವರ್ಷವನ್ನು ತಿಂದವಳು ನಾನೇ.

ಏಳು ದಿನ

ಆ ಮೇಯಲ್ಲೇ ಉತ್ತರ ಭಾರತದ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ಮಣಿಪಾಲದ ಲಾಡ್ಜಿನಲ್ಲಿ ಇಳಿದಿದ್ದರಂತೆ. ಹುಡುಗ ನಮ್ಮ ಶಾಲೆಯ ಗೇಟನ್ನು ಅಂದೇ ಮೊದಲು ನೋಡಿದ್ದು. ಆದರೂ ಕಾಗದ ಬೇಕು. ಊರಿಗೆ ಬಂದು ಏಳು ದಿನ ಆಗಿದೆ, ಉಳಿದದ್ದನ್ನು ನೀವು ಸೇರಿಸಿಕೊಳ್ಳಿ ಎಂದರು. ನಮ್ಮ ಹೆಡ್‌ಮಾಸ್ಟರು ಸಿಟ್ಟಾಗಲಿಲ್ಲ. "ಉಳಿದದ್ದನ್ನು ಅವನೇ ಓದಿಕೊಂಡು ಬರಲಿ. ನಾವು ಕಾಯುತ್ತೇವೆ" ಎಂದರು.

ಅವರು ಕಾಯಲಿಲ್ಲ. ದುಡ್ಡು ಕೊಟ್ಟು ಬೇರೆಲ್ಲೋ ಸೀಟು ತೆಗೆದುಕೊಂಡರೆಂದು ಆಮೇಲೆ ತಿಳಿಯಿತು. ಕಾಯುವ ಕೆಲಸ ನಮಗೇ ಉಳಿಯಿತು.

ಫೇಲಾದವನ ಪುಣ್ಯ

ಶಿರ್ವದ ಒಬ್ಬ ತಾಯಿ, ಗಂಡ ದುಬೈಯಲ್ಲಿ. ಮಗ ಅಲ್ಲಿಂದ ಬಂದು ನಮ್ಮಲ್ಲಿ ಏಳನೇ ತರಗತಿಗೆ ಸೇರಿದ್ದ. ಒಂಬತ್ತರಲ್ಲಿ ಗಣಿತದ ಮೇಷ್ಟ್ರು ಅವನನ್ನು ಫೇಲ್ ಮಾಡಿದಾಗ ಈ ತಾಯಿ ವರಾಂಡದಲ್ಲಿ ನಿಂತು ಅವರ ಏಳು ತಲೆಮಾರನ್ನು ಜಾಲಾಡಿದ್ದರು.

ಪಿಯುಸಿ ಮುಗಿದ ಮೇಲೆ ನಾನು ರಿಜಿಸ್ಟರು ತೆಗೆದು ಎಣಿಸಿದೆ. ಏಳರಿಂದ ಎರಡನೇ ಪಿಯುಸಿಗೆ ಆರು ವರ್ಷ, ಒಂಬತ್ತರಲ್ಲಿ ಇನ್ನೊಮ್ಮೆ ಕುಳಿತದ್ದು ಸೇರಿ ಏಳು. ಹಾಗೇ ಬರೆದುಕೊಟ್ಟೆವು, ಯಾರೂ ಕೇಳಲಿಲ್ಲ. ಮರುದಿನ ತಾಯಿ ಖರ್ಜೂರದ ಡಬ್ಬಿ ಹಿಡಿದು ಮೇಷ್ಟ್ರನ್ನು ಹುಡುಕಿಕೊಂಡು ಬಂದರು. "ಆ ವರ್ಷ ನೀವು ಪಾಸ್ ಮಾಡಿದ್ದರೆ ನಮ್ಮವನ ಗತಿ ಎಂತ ಸರ್?"

ಮೇಷ್ಟ್ರಿಗೆ ಮೂವತ್ತು ವರ್ಷದ ಸರ್ವಿಸಿನಲ್ಲಿ ಸಿಕ್ಕಿದ ಮೊದಲ ಸನ್ಮಾನ ಅದು.

ಪಾಸಾದವಳು

ಆ ಹುಡುಗಿಯ ಅಪ್ಪ ಬಾಗಲಕೋಟೆ ಕಡೆಯ ಗಾರೆ ಕೆಲಸದವನು. ಮೊದಲು ಗೋವಾದಲ್ಲಿದ್ದ, ಆಮೇಲೆ ಮಣಿಪಾಲದಲ್ಲಿ ಹಾಸ್ಟೆಲ್ ಕಟ್ಟಡಗಳಿಗೆ ಪ್ಲಾಸ್ಟರ್ ಮಾಡುತ್ತಿದ್ದ. ಮಗಳು ಒಂದರಿಂದ ಐದನೇ ತರಗತಿಯವರೆಗೆ ಗೋವಾದಲ್ಲೇ ಓದಿ ನಮ್ಮಲ್ಲಿಗೆ ಬಂದಾಗ ಏಳನೇ ತರಗತಿಯ ಲೆಕ್ಕಗಳನ್ನು ಬಾಯಲ್ಲೇ ಮಾಡಿದಳು. ಇವಳಿಗೆ ಆರನೇ ತರಗತಿ ಯಾಕೆ ಎಂದು ಹೆಡ್‌ಮಾಸ್ಟರಿಗೆ ಹೇಳಿದವಳು ನಾನು. ನಮ್ಮ ಕಡೆಯ ಹುಡುಗಿ ಎಂಬ ಹೆಮ್ಮೆ ಬೇರೆ. ನೇರ ಏಳಕ್ಕೆ ಹಾಕಿದೆವು.

ಎರಡನೇ ಪಿಯುಸಿಯವರೆಗೂ ಅವಳೇ ಮೊದಲು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು. ರಿಜಿಸ್ಟರಿನಲ್ಲಿ ಆರು ವರ್ಷ.

ಫೈಲು ಹಿಡಿದು ಉಡುಪಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ಕೆಟ್ಟವರಲ್ಲ. ಹೊರಗಿನವರು ಬಂದು ನಮ್ಮ ಮಕ್ಕಳ ಸೀಟು ತೆಗೆದುಕೊಳ್ಳಬಾರದೆಂದೇ ಈ ನಿಯಮ ಉಂಟು ಅಮ್ಮ ಎಂದರು. ಹಾಗಾದರೆ ಇವಳು ಯಾರ ಮಗು ಎಂದು ಕೇಳಿದೆ. ಅವರು ನನ್ನ ಮಾತಿನ ಧಾಟಿ ಕೇಳಿ, "ನೀವೂ ಘಟ್ಟದ ಮೇಲಿನವರಾ?" ಎಂದರು. ನಾನಿಲ್ಲಿಗೆ ಬಂದು ಆಗ ಮೂವತ್ತೊಂದು ವರ್ಷ.

ಸಂಜೆ ಅಪ್ಪ, ಮಗಳು ಆಫೀಸಿಗೆ ಬಂದರು. ಅವನ ತೋಳಿನ ಮೇಲೆ ಸಿಮೆಂಟು ಒಣಗಿತ್ತು. ಶಿರ್ವದ ಹುಡುಗನ ಸಂಗತಿ ಅವನ ಕಿವಿಗೂ ಬಿದ್ದಿತ್ತು. ಮೇಜಿನ ಮುಂದೆ ಕೈಮುಗಿದು ನಿಂತ.

"ಅಕ್ಕಾರ, ನಮ್ಮ ಹುಡುಗೀನ್ನೂ ಒಂಬತ್ತನೇತ್ತಾಗ ಒಂದ್ ವರ್ಷ ಫೇಲ್ ಮಾಡಿ ಬರದ್ ಕೊಡ್ರಿ. ಬೇಕಾದ್ರ ನಾ ಈಗ ಬೈತೀನಿ ಅಕಿಗೆ."

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಒಂದು ಹೆಜ್ಜೆ ಒಳಗೆ ಬಂದಳು.

"ಗಣಿತದಾಗ ಬ್ಯಾಡ, ಅಪ್ಪಾ" ಎಂದಳು. "ಬ್ಯಾರೆ ಯಾವುದರಾಗರ ಮಾಡಸು."

ಹೆಡ್‌ಮಾಸ್ಟರು ನಕ್ಕರು, ನಾನೂ ನಕ್ಕೆ, ಅಪ್ಪನೂ ನಕ್ಕ. ಅವಳು ನಗಲಿಲ್ಲ. ನಾನು ಆರು ಎಂದು ಬರೆದೆ. ಅವಳು ಕಾರ್ಕಳದಲ್ಲಿ ಬಿ.ಎಸ್ಸಿ.ಗೆ ಸೇರಿದಳು.

ಈಗ ನೆನಪಾಯಿತು ನೋಡು, ಪುಟ್ಟಿ. ವ್ಯಾಸಂಗ ಪ್ರಮಾಣಪತ್ರ. ಪೆನ್ನು ಹಿಡಿ, ಇನ್ನು ನೀನು ಬರೆ. ವ್ಯಾಸಂಗದ ಅವಧಿ, ಆರು ವರ್ಷ. ಅದರ ಕೆಳಗೆ, ಅಂದು ಬರೆಯಲು ಜಾಗವಿರದಿದ್ದುದನ್ನೂ ಬರೆ: ಗಣಿತದಲ್ಲಿ ಒಮ್ಮೆಯೂ ಫೇಲಾಗಿಲ್ಲ.