ಪಿನ್ನರ್ ಇಳಿಜಾರಿನ ವೀರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಚಡ್ಡಿ. ಸೈಕಲ್ ಸವಾರರು ತೊಡುವ, ಮೈಗೆ ಬಣ್ಣ ಬಳಿದಂತೆ ಅಂಟಿಕೊಳ್ಳುವ ಚಡ್ಡಿ. ಸೇಲ್‌ನಲ್ಲಿ ಸಿಕ್ಕಿತೆಂದು ರಾಮಪ್ರಸಾದ್ ಅದನ್ನು ಏರಿಸಿಕೊಂಡು ಭಾನುವಾರ ಬೆಳಿಗ್ಗೆ ಲಂಡನ್ನಿನ ಪಿನ್ನರ್ ಬಡಾವಣೆಗೆ, ಕನ್ನಡ ಬಳಗದ ಸೈಕಲ್ ಜಾಥಾಕ್ಕೆ ಬಂದ. ಸವಾರಿಗಲ್ಲ, ಉಪ್ಪಿಟ್ಟು ಬಡಿಸಲು. ಇಡೀ ಲಂಡನ್ನಿನಲ್ಲಿ ಸೈಕಲ್ ತುಳಿಯಲು ಬಾರದ ಗಂಡಸು ಅವನೊಬ್ಬನೇ. ಬೇಕಾದರೆ ನಾನು ಆಣೆ ಮಾಡುತ್ತೇನೆ.

“ಏನ್ರೀ, ಉಪ್ಪಿಟ್ಟು ಬಡಸಾಕ ಇಷ್ಟು ತಯಾರೀನ?” ಧಾರವಾಡದ ಮೂಳೆ ಡಾಕ್ಟರ್ ಜಗದೇವಪ್ಪ ನಕ್ಕ ರಭಸಕ್ಕೆ ಪಿನ್ನರ್ ಚರ್ಚಿನ ಗಂಟೆ ತಾನಾಗಿ ಹೊಡೆದುಕೊಂಡಿತು.

ರಾಮಪ್ರಸಾದನಿಗೆ ರೇಗಿತು. ಹಿಂದಿನ ದಿನ ಟೀವಿಯಲ್ಲಿ ಕೇಳಿದ ಹೆಸರೊಂದು ನಾಲಿಗೆಗೆ ಬಂತು. “ಸುಮ್ನಿರಿ ಡಾಕ್ಟ್ರೇ! ಫ್ರಾನ್ಸಿನ ರೇಸ್ ಸವಾರ ಎತಿಯೆನ್ ಇದಾನಲ್ಲ, ಆಲ್ಪ್ಸ್ ಬೆಟ್ಟದಲ್ಲಿ ಅವನ್ನೇ ಹಿಂದೆ ಹಾಕಿದೀನಿ.”

ಆಲ್ಪ್ಸನ್ನು ಅವನು ನೋಡಿದ್ದು ಟೂರಿಸ್ಟ್ ಬಸ್ಸಿನಿಂದ, ಅದೂ ವಾಂತಿ ಚೀಲದ ಅಂಚಿನ ಮೇಲಿಂದ.

“ಎತಿಯೆನ್ನಾ? ಅವನ ಮೊಣಕಾಲು ರಿಪೇರಿ ಮಾಡಿದಾಂವ ನಾನ! ಇವತ್ತಿನ ಮುಖ್ಯ ಅತಿಥಿನೂ ಅವನ. ಬರ್ಲಿ, ಕೇಳೂಣು.”

ರಾಮಪ್ರಸಾದ್ ದಾರಿಯ ಕಡೆಗೇ ಕಣ್ಣಿಟ್ಟು ಬಡಿಸತೊಡಗಿದ. ಉಪ್ಪಿಟ್ಟು ತಟ್ಟೆ ಬಿಟ್ಟು ಜನರ ಬೂಟುಗಳಿಗೆ ಬಿತ್ತು.

“ಹೊಟ್ಟೆನೋವು ಅಂತ ಹೇಳಿ ಹೊರಡೋಣ ರೀ,” ಹೆಂಡತಿ ನೀರಜಾ ಪಿಸುಗುಟ್ಟಿದಳು.

“ಇಲ್ಲಿ ಅರ್ಧ ಜನ ಡಾಕ್ಟ್ರುಗಳೇ ಕಣೇ! ಮಲಗಿಸಿ ಹೊಟ್ಟೆ ಅಮುಕ್ತಾರೆ!”

ಅಷ್ಟರಲ್ಲಿ ಎತಿಯೆನ್ ಕುಂಟುತ್ತ ಬಂದೇಬಿಟ್ಟ. ಜಗದೇವಪ್ಪ ಮೈಕ್ ಹಿಡಿದರು. “ಇವರು ಒಂದೂ ರೇಸ್ ಗೆದ್ದವರಲ್ಲ. ತಂಡದ ನಾಯಕನಿಗೆ ನೀರಿನ ಬಾಟ್ಲಿ ಹೊತ್ತು, ಅವನ ಮುಂದೆ ಗಾಳಿಗೆ ಎದೆ ಕೊಟ್ಟು, ಅವನನ್ನ ಗೆಲ್ಲಿಸೂದೇ ಇವರ ಜೀವಮಾನದ ನೌಕರಿ!” ಆಮೇಲೆ ರಾಮಪ್ರಸಾದನನ್ನು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು: “ಆಲ್ಪ್ಸ್‌ನ್ಯಾಗ ನಿಮ್ಮನ್ನ ಹಿಂದ ಹಾಕೀನಿ ಅಂತಾನ ಈ ಮನುಷ್ಯಾ. ನಿಮಗ ಗುರ್ತದಾನೇನು?”

ರಾಮಪ್ರಸಾದನ ಬೆವರಿಗೆ ಥೇಮ್ಸ್ ನದಿ ಒಂದಡಿ ಏರಿತು. ಎತಿಯೆನ್ ಆ ಚಡ್ಡಿ ನೋಡಿದ, ಆ ದೀನ ಕಣ್ಣು ನೋಡಿದ. ಹಳೆಯ ನೌಕರಿ ನೆನಪಾಯಿತೇನೋ, ಕುಂಟುತ್ತಲೇ ಬಂದು ತಬ್ಬಿಕೊಂಡ.

“ಮರೆಯೋದುಂಟೇ? ಆಲ್ಪ್ಸ್‌ನಲ್ಲಿ ನನ್ನನ್ನು ಹಿಂದೆ ಹಾಕಿದ ಹುಲಿ!”

ಚಪ್ಪಾಳೆ! ಜಗದೇವಪ್ಪ ಕೈಮುಗಿದರು. ರಾಮಪ್ರಸಾದ್ ಮೀಸೆಗೆ ಕೈ ಹಾಕುವಷ್ಟರಲ್ಲಿ ಡಾಕ್ಟರರ ಬಾಯಿ ಮತ್ತೆ ತೆರೆಯಿತು. “ಎತಿಯೆನ್‌ಗ ಕಾಲು ನೋವು. ಜಾಥಾದ ಮುಂದಾಳು ಇನ್ನ ಹುಲೀನ!”

ನಾಲ್ಕು ಜನ ರಾಮಪ್ರಸಾದನನ್ನು ಎತ್ತಿ ಸೈಕಲ್ ಸೀಟಿನ ಮೇಲೆ ಕೂರಿಸಿದರು. ಎದುರಿಗೆ ಹೈ ಸ್ಟ್ರೀಟಿನ ಇಳಿಜಾರು. ಎತಿಯೆನ್ ಎರಡು ನೀರಿನ ಬಾಟ್ಲಿ ಸಿಕ್ಕಿಸಿ ಕಿವಿಯಲ್ಲಿ ಉಸುರಿದ: “ಹೆದರಬೇಡ. ಹಿಂದೆ ಬಿದ್ದವನನ್ನು ಮುಂದೆ ತಳ್ಳೋದೇ ನನ್ನ ಕಸುಬು.”

ತಳ್ಳಿಯೇಬಿಟ್ಟ.

“ರೀ, ಬ್ರೇಕು! ಬ್ರೇಕು!” ನೀರಜಾ ಕಿರುಚಿದಳು.

ಇಳಿಜಾರಿನ ಕೆಳತುದಿಯಿಂದ ಉತ್ತರ ತೇಲಿ ಬಂತು: “ಅದು ಎಲ್ಲಿರುತ್ತೇ?”